ಸಮುದ್ರ ಕಾಣದ ಕೋಣೆ

ಅಕ್ಕಾ,

ಮನೆಯೆದುರಿನ ನೆಹರು ಗಂಜ್ ಮಾರುಕಟ್ಟೆಗೆ ಹೊಸ ತೊಗರಿ ಬರತೊಡಗಿದೆ. ಆ ಧೂಳಿಗೆ ಈ ಸಲ ನನಗೂ ಉಬ್ಬಸ ಹತ್ತಿದೆ. ಚಳಿಗಾಲವನ್ನು ಸಮುದ್ರದ ದಂಡೆಯಲ್ಲಿ ಕಳೆಯಿರಿ ಎಂದು ನಿನಗೆ ಹೇಳಿದ್ದನ್ನೇ ಡಾಕ್ಟರು ನನಗೂ ಹೇಳಿದರು.

ಕಮಲಾಪುರದ ನಿನ್ನ ಮನೆಗೆ ಬಂದು ನಾನು ಯಾವ ಊರಿನ ಹೆಸರು ಹೇಳಿದರೂ ನಿನ್ನದು ಒಂದೇ ಪ್ರಶ್ನೆ: "ಅಲ್ಲಿ ಜ್ವಾಳದ ರೊಟ್ಟಿ ಸಿಗತಾವೇನು?"

"ಉಸುರು ದೊಡ್ಡದೋ, ರೊಟ್ಟಿ ದೊಡ್ಡದೋ?" ಎಂದು ಬೈದು, ಸಿಕ್ಕ ಬಸ್ಸಿಗೆ ಕಲಬುರಗಿಗೆ ವಾಪಸಾಗುತ್ತಿದ್ದೆ. ಊರು ನಿಶ್ಚಯವಾಗುವ ಮೊದಲೇ, ಹೋದ ವರ್ಷ ನೀನು ತೀರಿಕೊಂಡೆ.

ಹುಡುಕಿ ಹುಡುಕಿ ಸಾಕಾಗಿ ಇವತ್ತು ಹೊನ್ನಾವರದ ಒಂದು ಮನೆಗೆ ಫೋನ್ ಮಾಡಿದೆ. ಕಿಟಕಿ ತೆರೆದರೆ ಸಮುದ್ರವಂತೆ. ಎಲ್ಲ ಒಪ್ಪಿದ ಮೇಲೆ ನನ್ನ ಬಾಯಿಂದ ಬಂದೇಬಿಟ್ಟಿತು: "ಅಲ್ಲಿ ಜ್ವಾಳದ ರೊಟ್ಟಿ ಸಿಗತಾವೇನ್ರೀ?"

ಮನೆಯಾಕೆ ನಕ್ಕರು. "ಇಲ್ಲೆಲ್ಲ ಅನ್ನವೇ ಅಮ್ಮ. ಪಕ್ಕದ ಊರು ಕುಮಟಾದ ಪೇಟೆಯಲ್ಲಿ ನಿಮ್ಮ ಕಡೆಯವರೊಬ್ಬರು ರೊಟ್ಟಿ ಬಡೀತಾರೆ. ಅವರ ಮಾಳಿಗೆ ಮೇಲೆ ಒಂದು ಕೋಣೆ ಬಾಡಿಗೆಗಿದೆ. ಆದರೆ ಸಮುದ್ರ ಕಾಣೂದಿಲ್ಲ."

ಆ ಕೋಣೆಯನ್ನೇ ಹಿಡಿದೆ. ನಾಡಿದ್ದು ಹೊರಡುತ್ತೇನೆ.

ಹಲ್ಲು ಹೋದಾಗಿನಿಂದ ನಾನು ರೊಟ್ಟಿ ಬಿಟ್ಟು ಅನ್ನವನ್ನೇ ಉಣ್ಣುತ್ತಿರುವುದು ನಿನಗೆ ಗೊತ್ತೇ ಇದೆ.