ಆಯಿಯ ಅಂಗೈ

ಖಾನಾಪುರ
14-11-1984

ನನ್ನ ಬಂಗಾರದಂಥ ಮಗಳು ಕಾಂತಾಗ,

ನಿಮ್ಮವ್ವನ ಆಶೀರ್ವಾದ. ನಾವಿಲ್ಲಿ ಅರಾಮ ಅದೀವಿ ಅಂತ ಬರದ್ರ ಸುಳ್ಳಾಗತೈತಿ. ಟಿಳಕವಾಡಿಯಿಂದ ನಿನ್ನ ಪತ್ರ ಬಂದಾಗಿಂದ ನಿಮ್ಮಪ್ಪ ಅರ್ಧಾ ಊಟಕ್ಕ ತಾಟ ಸರಿಸಿ ಏಳಾಕತ್ತಾರ.

ಅಳಿಯಂದ್ರು ಈರಣ್ಣನವರ ಎದಿ ಆಪರೇಷನ್ ಸೋಮವಾರ, ಏನೂ ಹೇಳಾಕ ಆಗೂದಿಲ್ಲ ಅಂತ ಡಾಕ್ಟರು ಅಂದ್ರು ಅಂತ ಬರದೀ. ಅಷ್ಟು ಓದಿ ಹೆಂಗೋ ತಡಕೊಂಡೆ. ಅದರ ಕೆಳಗ ನೀ ಬರದದ್ದು ಓದಿ ಅಡಗಿಮನ್ಯಾಗ ಕುಂತು ಅತ್ತೆ. ಲಿಂಗಪೂಜಿಗೆ ಕುಂತ್ರ ಅಂಗೈಯಾಗ ಬರೇ ಒಂದು ಕಲ್ಲ ಐತಿ ಅನಸ್ತೈತಿ, ಅದಕ್ಕ ಎಂಟ ದಿನದಿಂದ ಕುಂದರೂದು ಬಿಟ್ಟೀನಿ ಅಂದೀಯಲ್ಲ. ಚಂದಾಗಿ ಬೈಬೇಕು ಅಂತ ಪೆನ್ನ ತಗೊಂಡೆ. ಬೈಯಾಕ ನನಗೇನ ಹಕ್ಕೈತಿ? ಹನ್ನೆರಡ ವರ್ಷದಿಂದ ಮುಚ್ಚಿಟ್ಟದ್ದೊಂದು ಇವತ್ತ ನಿನಗ ಹೇಳತೇನಿ. ನಿಮ್ಮಪ್ಪಗೂ ಗೊತ್ತಿಲ್ಲ.

ನನ್ನ ಅತ್ತಿ, ನಿನ್ನ ಆಯಿ ಬಾಳವ್ವ ನಿನಗ ಮರ್ತಿಲ್ಲ. ಕಣ್ಣಿಗೆ ಪೊರಿ ಬಂದು ಏನೂ ಕಾಣತಿರಲಿಲ್ಲ. ಆದ್ರೂ ಪೂಜಿಗೆ ಕುಂತ್ಲಂದ್ರ ಎಡಗೈಯಾಗಿನ ಲಿಂಗಕ್ಕ ಆ ಕಣ್ಣ ನೆಟ್ಟು ತಾಸಗಟ್ಟಲೆ ಅಲ್ಲಾಡತಿರಲಿಲ್ಲ. ಏನ ಕಾಣತೈತಿ ಆಯಿ ಅಂತ ನೀ ಕೇಳಿದ್ರ, ನಿನಗ ಕಾಣದ್ದು ಅಂತ ನಗತಿದ್ಲು.

ಎಪ್ಪತ್ತೆರಡನೇ ಇಸವಿ, ಸೀಗಿ ಹುಣ್ಣಿಮಿ ಮರುದಿನ. ಮಲಪ್ರಭಾ ಹೊಳಿಗೆ ಆಕಿನ್ನ ಜಳಕಾ ಮಾಡಸಾಕ ಕರಕೊಂಡ ಹೋಗಿದ್ದೆ. ಬೆನ್ನ ತಿಕ್ಕೂಮುಂದ ನನ್ನ ಕೈಬಳಿ ಆಕಿ ಕೊಳ್ಳಾಗಿನ ಶಿವದಾರಕ್ಕ ಸಿಕ್ಕು ದಾರ ಹರೀತು. ಬೆಳ್ಳಿ ಕರಡಿಗಿ ಲಿಂಗದ ಸಮೇತ ನೀರಿಗೆ ಬಿತ್ತು. ತಪ್ಪು ನಂದ. ಎದಿಮಟ ನೀರಾಗ ಇಳದು ಹೊತ್ತ ಮುಣಗೂತನಾ ಹುಡಕಿದೆ, ಸಿಗಲಿಲ್ಲ.

ಮೈಮ್ಯಾಲಿನ ಲಿಂಗ ಹೋದ್ರ ಅದು ಸಿಗೂತನಾ ಬಾಯಿಗೆ ಹನಿ ನೀರ ಹಾಕಬಾರದು, ಅದು ಆಕಿ ಕಾಲದವರ ನೇಮ. ಮಠದ ಅಯ್ಯನವರು ಬಂದು ಹೊಸಾದು ಕಟ್ಟತೇನಿ ಅಂದ್ರು. ಆಕಿ ಒಲ್ಲೆ ಅಂದ್ಲು. ಸಣ್ಣಾಕಿದ್ದಾಗ ಗುರು ಕಟ್ಟಿದ್ದ ಬೇಕು, ಬರಾಂವ ಬರ್ತಾನ, ಬರಲಿಲ್ಲಂದ್ರ ನಾನ ಅವನ ಕಡೆ ಹೋಗತೇನಿ ಅಂದ್ಲು. ಅಳಲಿಲ್ಲ, ನನಗ ಒಂದ ಮಾತ ಅನ್ನಲಿಲ್ಲ. ಅನ್ನಬೇಕಿತ್ತು. ಎರಡನೇ ದಿನಕ್ಕ ನಾಲಗಿ ಒಣಗಿ ಮಾತ ನಿಂತಿತು. ಮುದುಕಿನ್ನ ಕೈಯಾರೆ ಕೊಂದೆನಲ್ಲೋ ಶಿವನ ಅಂತ ನನಗ ಹುಚ್ಚ ಹಿಡದಂಗಾತು.

ಅವತ್ತ ನಿಮ್ಮಪ್ಪಗ ಹಂಚಿನ ಕಾರ್ಖಾನಿಗೆ ಬುತ್ತಿ ಒಯ್ದಾಕಿ ಒಂದು ಹಿಡಿ ಮಣ್ಣ ತಗೊಂಡೆ. ಲಿಂಬಿಕಾಯಿಗಿಂತ ಸಣ್ಣ ಉಂಡಿ ಮಾಡಿ, ಭಟ್ಟಿಗೆ ಬೆಂಕಿ ಹಾಕೂ ಸತ್ಯಪ್ಪಣ್ಣಗ ಕೈಮುಗದು ಸುಡಿಸಿಕೊಂಡೆ. ಗೇರೆಣ್ಣಿ, ದೀಪದ ಕಾಡಿಗಿ ಸವರಿ ಕರ್ರಗ ಮಾಡಿದೆ. ಮರುದಿನ ಕರಡಿಗಿ ಸಿಗಲಿಲ್ಲ, ಲಿಂಗ ಅಷ್ಟ ಹೊಳ್ಯಾಗ ಸಿಕ್ತರಿ ಅತ್ತಿ ಅಂತ ಆಕಿ ಅಂಗೈಯಾಗ ಇಟ್ಟೆ. ಬಹಳ ಹೊತ್ತ ಮುಟ್ಟಿ ಮುಟ್ಟಿ ನೋಡಿದ್ಲು. ಆಮ್ಯಾಲ ವಿಭೂತಿ ಕೇಳಿದ್ಲು, ನೀರ ಕೇಳಿದ್ಲು. ಓಣಿ ಮಂದಿಯೆಲ್ಲಾ ಪವಾಡ ಅಂದ್ರು. ನೀನೂ ಅಂಗಳದಾಗ ಕುಣಿದಾಡಿದ್ದಿ.

ಮುಂದ ಹನ್ನೊಂದ ವರ್ಷ ಆಕಿ ಅದಕ್ಕ ಪತ್ರಿ ಏರಸೂದು ನೋಡಿದಾಗೊಮ್ಮೆ ನಾ ಹೇಳಿದ ಸುಳ್ಳ ನೆನಪಾಗಿ ಕಣ್ಣ ಕೆಳಗ ಹಾಕತಿದ್ದೆ. ಆದ್ರ ಆಕಿ ಮುಖದ ಮ್ಯಾಲೆ ಎಂಥಾ ಕಳೆ ಇರತಿತ್ತು ಅಂತೀ! ಮೋಸಾ ಮಾಡಿದಾಕಿ ನಾನ ಬಾಗಲ ಬಾಜು ನಿಂತು ಕೈ ಮುಗೀತಿದ್ದೆ.

ಹೋದ ವರ್ಷ ಬ್ಯಾಸಗ್ಯಾಗ ಆಕಿ ಹಾಸಗಿ ಹಿಡದಾಗ ಕಾಲ ಹಿಡಕೊಂಡು ಎಲ್ಲಾ ಹೇಳಿದೆ. ನಕ್ಕಳು ಕಾಂತಾ! ಅರವತ್ತ ವರ್ಷ ಹೊತ್ತ ದೇವರ ತೂಕ ನನಗ ತಿಳಿಯೂದಿಲ್ಲೇನ ಹುಚ್ಚಿ, ಕೈಯಾಗ ಇಟ್ಟ ಕೂಡಲೇ ಗೊತ್ತಾತು ಅಂದ್ಲು. ಮತ್ತ ಯಾಕ ಪೂಜಿ ಮಾಡಿದ್ರಿ ಅಂತ ಕೇಳಿದೆ. ನನ್ನ ಉಳಸಾಕ ನಿನ್ನ ಕೈ ಮಣ್ಣ ಕಲಸಿತಲ್ಲ, ಆ ಕೈ ಕಳಿಸಿದಾಂವ ಯಾರು ಅಂದ್ಲು. ಮೊದಲ ಮೂರ ತಿಂಗಳ ನನಗೂ ಅದು ಬರೇ ಮಣ್ಣ ಇತ್ತು, ಏನೂ ಕಾಣಲಿಲ್ಲ, ಆದ್ರ ಕುಂದರೂದು ಬಿಡಲಿಲ್ಲ, ಒಂದಿನ ಮುಂಜಾನೆ ಅದರಾಗ ಅಂವ ಬಂದ ಅಂದ್ಲು. ಮಗ ಪರಊರಿಂದ ಬಂದು ಬಾಗಲದಾಗ ನಿಂತಾನ ಅಂತ ಹೇಳಿದಂಗ ಇತ್ತು ಆಕಿ ದನಿ. ನನ್ನ ಮೈಮ್ಯಾಲಿನ ಕೂದಲ ನಿಂತವು. ಇದನ್ನ ಬರೀವಾಗೂ ನಿಂತಾವ ನೋಡು.

ಸೋಮವಾರ ಏನಾಗತೈತಿ ಅಂತ ನನಗ ಗೊತ್ತಿಲ್ಲವಾ. ಎಲ್ಲಾ ಚಲೋ ಆಗತೈತಿ ಅಂತ ಬರಿಯಾಕ ಕೈ ಬರವಲ್ದು, ನಾ ಹೇಳಿದ ಸುಳ್ಳ ಸಾಕು. ಒಂದ ಗೊತ್ತೈತಿ. ಈ ಪತ್ರ ಮುಟ್ಟಿದ ಮರುದಿನ ಮುಂಜಾನೆ ಜಳಕಾ ಮಾಡಿ ಕುಂದರು. ಬರೇ ಕಲ್ಲ ಅನಿಸಿದ್ರ ಅನಸಲಿ. ನಾನೂ ಇಲ್ಲಿ ದಿನಾ ಅದ ಹೊತ್ತಿಗೆ ಕುಂದರತೇನಿ.

ನಿನ್ನ ಅವ್ವ,
ಸಾವಂತ್ರವ್ವ

ತಾ.ಕ.: ಒಂದ ಮಾತ ಮುಚ್ಚಿಟ್ಟೆ. ನಾ ಸುಮ್ಮನ ತಪ್ಪ ಒಪ್ಪಿಕೊಳ್ಳಲಿಲ್ಲ. ಆ ಬ್ಯಾಸಗ್ಯಾಗ ಹೊಳಿ ಬತ್ತಿ, ಪಾವಟಿಗಿ ಸಂದ್ಯಾಗ ಖರೇ ಲಿಂಗ ಕರಡಿಗಿ ಸಮೇತ ಸತ್ಯಪ್ಪಣ್ಣಗ ಸಿಕ್ಕು, ನನಗ ತಂದ ಕೊಟ್ಟಿದ್ದ. ಖರೇದ್ದು, ಮಣ್ಣಿಂದು ಎರಡನ್ನೂ ಆಕಿ ಎರಡು ಅಂಗೈಯಾಗ ಇಟ್ಟೆ. ಖರೇದ್ದನ್ನ ಕಣ್ಣಿಗೆ ಒತ್ತಿಕೊಂಡು ನನಗ ತಿರಗಿ ಕೊಟ್ಲು, ಕಾಂತಾಗ ಒಂದಿನ ಬೇಕಾಗತೈತಿ, ಇಟ್ಟಿರು ಅಂದ್ಲು. ರವಿವಾರ ನಿಮ್ಮಪ್ಪ ತರೂ ಗಂಟಿನ್ಯಾಗ ಅದು ಐತಿ, ನೀನ ಬಿಚ್ಚು. ನಮ್ಮಲ್ಲಿ ಹೂಳೂಮುಂದ ಎಡಗೈಯಾಗ ಲಿಂಗ ಇಟ್ಟು ಕಳಸ್ತಾರಲ್ಲ, ನಿನ್ನ ಆಯಿ ಮುಚ್ಚಿದ ಮುಷ್ಟಿಯಾಗ ಹಿಡಕೊಂಡು ಹೋದದ್ದು ನಾ ಮಾಡಿದ ಆ ಮಣ್ಣಿನ ಉಂಡಿ.