ನಿಮ್ಮಮ್ಮ ಕಣ್ಣು ಬಿಟ್ಟಿದ್ದು

ಬಾರಿಯೋ,
ಜನವರಿ ೧೮, ಭಾನುವಾರ

ಮುದ್ದು ಮಗಳು ಸುಪಾಂಗ್‌ಗೆ,

ಹೇಗಿದ್ದೀಯಮ್ಮ? ಕಾಲಿನ ಊತ ಇಳಿಯಿತೇ? ಒಳಗಿರುವ ಪುಣ್ಯಾತ್ಮರು ಒದೆಯುವುದನ್ನು ಸ್ವಲ್ಪ ಕಮ್ಮಿ ಮಾಡಿದ್ದಾರೆಯೇ? ಅಳಿಯನಿಗೆ ಅಡುಗೆ ಬರುತ್ತದೆಂದು ನೀನು ಬರೆದಿದ್ದೆ, ನಂಬಿದ್ದೇನೆ. ಈ ಪತ್ರ ತಂದುಕೊಟ್ಟವಳನ್ನು ಮೊದಲು ಕೂರಿಸಿ ಬಿಸಿ ಕಾಫಿ ಕೊಡು. ನಾಳೆ ಬೆಳಿಗ್ಗೆ ನಿಮ್ಮಮ್ಮ ಒಬ್ಬಳೇ ವಿಮಾನ ಹತ್ತುತ್ತಾಳೆ. ಅದು ಹೇಗಾಯಿತೆಂದು ಫೋನಿನಲ್ಲಿ ಹೇಳಿದರೆ ಒಂದೇ ಸೂರಿನ ಈ ಉದ್ದಮನೆಯಲ್ಲಿ ಒಲೆಗೊಂದರಂತೆ ಇರುವ ಅಷ್ಟೂ ಸಂಸಾರಗಳಿಗೆ ಕೇಳಿಸುತ್ತೆ, ಅದಕ್ಕೇ ಬರೆದು, ಲಕೋಟೆ ಅಂಟಿಸಿ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಮದುವೆಯಾದಾಗಿನಿಂದ ನಿಮ್ಮಮ್ಮ ನೀನೀಗ ಇರುವ ಮಿರಿ ಪಟ್ಟಣಕ್ಕೆ ವಿಮಾನದಲ್ಲಿ ಹೋಗುವುದೆಂದರೆ ನನ್ನ ತೋಳಿಗೆ ಮುಖ ಒತ್ತಿ, ಕಣ್ಣು ಮುಚ್ಚಿ ಹೋಗುವುದು. ಇಳಿದ ಮೇಲೆ ನನ್ನ ತೋಳಲ್ಲಿ ಅವಳ ಉಗುರಿನ ಗುರುತು. ಈ ಸಲ ಕೊಯ್ಲು ಬಿಟ್ಟು ನಾನು ಕದಲುವ ಹಾಗಿಲ್ಲ. ತೋಳಿಲ್ಲದೆ ತಾನು ಹೋಗುವುದಿಲ್ಲ ಅಂತ ಅವಳ ಹಟ. ಚೊಚ್ಚಲ ಹೆರಿಗೆಗೆ ಅಮ್ಮ ಇರಬೇಕೆಂದು ನೀನು ಫೋನಿನಲ್ಲಿ ಅತ್ತಿದ್ದು ಕೇಳಿ ಅವಳೂ ಅತ್ತಳು, ಆದರೂ ಊಹೂಂ. ಆಗ ಪಕ್ಕದ ಒಲೆಯ ಲಿಯಾನ್ ಮಾಸ್ತರ ಕಂಪ್ಯೂಟರ್ ನೆನಪಾಯಿತು. ಅದರಲ್ಲಿ ವಿಮಾನ ಹಾರಿಸುವ ಆಟ ಇದೆ, ನಮ್ಮ ಬಾರಿಯೋ ರನ್‌ವೇ ಕೂಡ ಇದೆ. ಅದನ್ನು ನೋಡಿ ನೋಡಿ ಭಯ ಬಿಡಲಿ ಅಂತ ನನ್ನ ಲೆಕ್ಕ.

ಮೊದಲ ದಿನ ಚಿತ್ರ ನೋಡಿ ನನಗೇ ನಾಚಿಕೆಯಾಯಿತು. ಬೆಟ್ಟದ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು, ರನ್‌ವೇ ದೂರದಲ್ಲಿ ಗಂಜಿ ಚೆಲ್ಲಿದಂತೆ. ಗ್ರಾಫಿಕ್ಸ್ ಡ್ರೈವರ್ ಅಂತ ಒಂದಿದೆಯಂತೆ, ಪರದೆಗೆ ಚಿತ್ರ ಬಿಡಿಸಿಕೊಡುವುದು ಅದರ ಕೆಲಸ. ಅದರ ಸೆಟ್ಟಿಂಗ್ ತಿರುಗಿಸಿದರೆ ಚಿತ್ರ ಸುಧಾರಿಸುತ್ತೆ ಅಂದರು ಮಾಸ್ತರು. ಶುರು ಹಚ್ಚಿಕೊಂಡೆವು ನೋಡು. ಒಂದು ಏರಿಸಿದರೆ ಬೆಟ್ಟದ ಅಂಚು ನುಣುಪಾಯಿತು, ಇನ್ನೊಂದು ಏರಿಸಿದರೆ ರನ್‌ವೇ ಗೆರೆ ತುದಿಯವರೆಗೂ ಸ್ಪಷ್ಟ. ಎಲ್ಲಾ ಏರಿಸಿದರೆ ವಿಮಾನ ಕೆಸರಲ್ಲಿ ಸಿಕ್ಕ ಎಮ್ಮೆಯಂತೆ ನಿಂತು ನಿಂತು ಹೋಗುತ್ತಿತ್ತು. "ಚಂದ ಬೇಕೋ ಓಟ ಬೇಕೋ ಹೇಳಿ ಮಾವ, ಎರಡೂ ಕೇಳಬೇಡಿ" ಅಂತ ಮಾಸ್ತರು ರೇಗಿದರು. ನಮ್ಮ ಉದ್ದಮನೆ ಎಲ್ಲಿ ಅಂದೆ. "ಡ್ರೈವರ್ರು ಇರೋದನ್ನ ತಿದ್ದುತ್ತೆ, ಇಲ್ಲದ್ದನ್ನ ಎಲ್ಲಿಂದ ತರುತ್ತೆ" ಅಂದರು. ಕೊಯ್ಲಿಗೆ ಹೋಗಬೇಕಾದ ಗಂಡಸರಿಬ್ಬರೂ ಕುಡುಗೋಲು ಮರೆತು ಅಲ್ಲೇ ಕೂತೆವು.

ಕೊನೆಗೂ ಹದ ಸಿಕ್ಕಿತು. ಮೋಡ, ಕಾಡು, ಕಣಿವೆ ಎಲ್ಲಾ ಸಾಕ್ಷಾತ್. ಹೆಮ್ಮೆಯಿಂದ ಕರೆದು ಕೂರಿಸಿದೆ. ವಿಮಾನ ನೆಲ ಬಿಟ್ಟಿತು, ನಿಮ್ಮಮ್ಮ ಕಣ್ಣು ಮುಚ್ಚಿ ನನ್ನ ತೋಳು ಹಿಡಿದಳು. "ನಿಜದ ಥರ ಮಾಡಿದ್ರೆ ನಿಜದ ಥರಾನೇ ಹೆದರಿಕೆ ಆಗುತ್ತೆ, ಅಷ್ಟೂ ಗೊತ್ತಾಗಲ್ವಾ ನಿಮಗೆ" ಅಂತ ಇಬ್ಬರಿಗೂ ಮಂಗಳಾರತಿ. ಮಾಸ್ತರು ಸಪ್ಪೆ ಮುಖ ಹಾಕಿಕೊಂಡು ಎಲ್ಲವನ್ನೂ ಮೊದಲಿನಂತೆ ಮಾಡಿದರು. ಮತ್ತೆ ಅದೇ ಗಂಜಿ, ಅದೇ ಮೆಟ್ಟಿಲು. ಅದನ್ನು ನೋಡಿ ಅವಳಿಗೆ ನಗು ಬಂತು, ಕಣ್ಣು ಬಿಟ್ಟೇ ಕೂತಳು. ಮರುದಿನದಿಂದ ಊಟವಾದದ್ದೇ ತಡ, ಮಾಸ್ತರ ಒಲೆಯ ಹತ್ತಿರ ಹಾಜರು. ದಿನಾ ಸ್ವಲ್ಪ ಸ್ವಲ್ಪ ಚಂದ ಏರಿಸಿದೆವು, ಅವಳಿಗೆ ಹೇಳದೆ.

ಮೊನ್ನೆ ಆಟದಲ್ಲಿ ತಾನೇ ವಿಮಾನ ಹಾರಿಸಿಕೊಂಡು ಮಿರಿ ತಲುಪಿದಳು. ಸುಪಾಂಗ್ ಮನೆ ಯಾವುದು ಅಂದಳು. ಮಾಸ್ತರು ನದಿ ಪಕ್ಕದ ಸೂರುಗಳ ಕಡೆ ಬೆರಳು ತೋರಿಸಿದರು. ಅಲ್ಲೇ ಸುತ್ತಿದಳು, ಸುತ್ತಿದಳು, ಇಳಿಸುವುದಿಲ್ಲ. ಆಮೇಲೆ ಮೆಲ್ಲಗೆ, "ಮಗಳ ಮನೆ ತಲೆ ಮೇಲೆ ಬಂದು ಹಾಗೇ ವಾಪಸ್ ಹೋಗೋದಾ? ನನಗೆ ಟಿಕೆಟ್ ತಗೊಳ್ಳಿ" ಅಂದಳು. ನನಗೆ ಅಳು ಬಂತು, ಕೆಮ್ಮಿದೆ.

ಎಲೆಯಲ್ಲಿ ಕಟ್ಟಿದ ಅನ್ನ, ಉಪ್ಪು, ಅನಾನಸು ಕಳಿಸಿದ್ದೇನೆ. ತೂಕ ಜಾಸ್ತಿಯಾಗಿ ಕೌಂಟರಿನವರು ಏನಾದರೂ ತೆಗೆಸಿದ್ದರೆ ನನ್ನನ್ನು ಬೈಯಬೇಡ. ಸುಖವಾಗಿ ಹೆರು ಮಗಳೇ, ದೇವರು ನಿಮ್ಮಿಬ್ಬರನ್ನೂ ಕಾಯಲಿ. ಮೊಮ್ಮಗು ಬಂದ ಮೇಲೆ ನಮ್ಮವರ ಪದ್ಧತಿಯಂತೆ ಹಬ್ಬ ಮಾಡಿ ಅಪ್ಪ-ಅಮ್ಮ, ಅಜ್ಜ-ಅಜ್ಜಿ ನಾವೆಲ್ಲ ಹೊಸ ಹೆಸರು ಇಟ್ಟುಕೊಳ್ಳಬೇಕಲ್ಲ, ಅಲ್ಲಿಯವರೆಗೆ ಹಳೇ ಹೆಸರಿನ,

ನಿನ್ನ ಅಪ್ಪ,
ಬಲಾಂಗ್

ಮರೆತಿದ್ದೆ: ನಿಜವಾದ ವಿಮಾನದಲ್ಲಿ ಕಣ್ಣು ಬಿಡುತ್ತಾಳೋ ಇಲ್ಲವೋ ಅನ್ನುವುದೇ ನನ್ನ ಚಿಂತೆ. ನಾಳೆ ರನ್‌ವೇ ತುದಿಯ ನಮ್ಮ ಗದ್ದೆಯಲ್ಲಿ ನಿಂತು ಬಟ್ಟೆ ಬೀಸುತ್ತೇನೆ, ಕೆಳಗೆ ನೋಡು ಅಂದಿದ್ದೇನೆ. ಯಾವ ಬಣ್ಣ ಎಂದು ಅವಳಿಗೆ ಹೇಳಿಲ್ಲ. ನೀನು ಕೇಳು. ಬೀಸುವುದು ಹಳದಿ ಬಟ್ಟೆ. ಅವಳು ಯಾವ ಬಣ್ಣ ಹೇಳಿದರೂ, ಅಪ್ಪ ಅದನ್ನೇ ಬರೆದಿದ್ದಾರೆ ಅಂದುಬಿಡು. ವಾಪಸ್ ಬರುವಾಗಲೂ ಅವಳು ಒಬ್ಬಳೇ ಬರಬೇಕಲ್ಲ.