ವಾರಸುದಾರರಿಲ್ಲದವರ ಪಟ್ಟಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

9.10ಕ್ಕೆ ಕಂಪ್ಯೂಟರಿನಲ್ಲಿ ಕ್ವೆರಿ ಓಡಲು ಬಿಟ್ಟೆ. ಟೀ ಕುಡಿದಾಯಿತು. ಉಗುರು ಕತ್ತರಿಸಿಕೊಂಡಾಯಿತು. ಕೀಬೋರ್ಡ್ ತಲೆಕೆಳಗೆ ಮಾಡಿ ಬಿಸ್ಕತ್ತಿನ ಪುಡಿ ಉದುರಿಸಿದ್ದೂ ಆಯಿತು. ಈಗ ಮುಗಿಯಿತು. ನಲವತ್ತೇಳು ನಿಮಿಷ. ಉತ್ತರ — ಸೊನ್ನೆ ಸಾಲು.

ಡಿಸೆಂಬರಿನಿಂದ ಇದೇ ಗೋಳು. ಕ್ವೆರಿಯಲ್ಲಿ ಕೇಳಿದ್ದು ಸರಳ ಪ್ರಶ್ನೆ. ಶವಾಗಾರಕ್ಕೆ ಬಂದು ತೊಂಬತ್ತು ದಿನ ದಾಟಿದ, ಯಾರೂ ಅರ್ಜಿ ಹಾಕದ ಹೆಣಗಳು ಯಾವುವು? ಅದಕ್ಕೆ ವಾರಸುದಾರರಿಲ್ಲದವರ ಪಟ್ಟಿ ಎಂದು ಹೆಸರು. ಪಟ್ಟಿಗೆ ಬಂದವರು ವಿಲೇವಾರಿ. ಮೈ ಚೆನ್ನಾಗಿರುವವರು ಮೆಡಿಕಲ್ ಕಾಲೇಜಿಗೆ, ಉಳಿದವರು ಊರಾಚೆಯ ಹೆಣ ಸುಡುವ ಕುಲುಮೆಗೆ. ನಮ್ಮಲ್ಲಿ ಕಡತಕ್ಕೂ ವಿಲೇವಾರಿ, ಹೆಣಕ್ಕೂ ವಿಲೇವಾರಿ. ಒಂದೇ ಪದದಲ್ಲಿ ಕೆಲಸ ನಡೆಯುವಾಗ ಇನ್ನೊಂದು ಯಾಕೆ.

ಸೊನ್ನೆ ಎಂದರೆ ಎಲ್ಲರಿಗೂ ವಾರಸುದಾರರು ಇದ್ದಾರೆ ಎಂದರ್ಥ. ಇದ್ದರೆ ಎಲ್ಲಿ ಸತ್ತರು? ಕೋಲ್ಡ್ ರೂಮಿನಲ್ಲಿ ಅರವತ್ತು ಖಾನೆ, ಎಪ್ಪತ್ತೊಂದು ಜನ. ಹನ್ನೊಂದು ಮಂದಿ ನೆಲದ ಮೇಲೆ. ಅಲ್ಲಿ ಕೆಲಸ ಮಾಡುವ ಚಳಿಯಣ್ಣ (ವರ್ಷವಿಡೀ ಸ್ವೆಟರ್ ಹಾಕುತ್ತಾನೆ, ಹೆಸರಿಟ್ಟವಳು ನಾನೇ) ಕಾಲಿಡಲು ಜಾಗವಿಲ್ಲ ಎಂದು ದಿನವೂ ಬಂದು ಗೊಣಗುತ್ತಾನೆ. ಸಾಹೇಬರು ಇವತ್ತು ನನ್ನ ಮೇಲೆ ಹರಿಹಾಯ್ದರು. ನಾನೇನು ಹೆಣ ಹೊತ್ತು ತಂದು ತುಂಬಿದೆನೇ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಏಪ್ರಿಲ್ ಕೊನೆಗೆ ನನ್ನ ಗುತ್ತಿಗೆ ಮುಗಿಯುತ್ತದೆ. ಕಾಯಂ ಮಾಡುವ ಫೈಲು ಅವರ ಮೇಜಿನ ಮೇಲೆ ಧೂಳು ತಿನ್ನುತ್ತಿದೆ.

ಮಧ್ಯಾಹ್ನ

ಸೋಮವಾರದಕ್ಕ ಬಂದು ಹೋದರು. ಯಾವುದೋ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಸೋಮವಾರ ರಜ. ರಜದ ದಿನ ಜನ ಮಲಗುತ್ತಾರೆ, ಈಕೆ ನಮ್ಮ ಬೆಂಚಿಗೆ ಬಂದು ಕೂರುತ್ತಾರೆ. ನವೆಂಬರಿನಲ್ಲಿ ಬಸ್ಸಿಗೆ ಬೆಂಕಿ ಬಿತ್ತಲ್ಲ, ಅದರಲ್ಲಿ ಇವರ ತಮ್ಮ ಇದ್ದನಂತೆ. ಇದ್ದನೋ ಇಲ್ಲವೋ, ಅದೇ ಗೊತ್ತಿಲ್ಲ. ಒಂಬತ್ತು ಹೆಣದಲ್ಲಿ ಐದರ ಗುರುತು ಸಿಕ್ಕಿತು. ನಾಲ್ಕು ಇದ್ದಿಲು. ಅಕ್ಕನ ಎಂಜಲಿನ ಮಾದರಿ ಲ್ಯಾಬಿಗೆ ಹೋಗಿ ಮೂರು ತಿಂಗಳು ದಾಟಿದೆ.

ವರದಿ ಬಂತಾ ಎಂದರು. ಇಲ್ಲ ಎಂದೆ. "ಬದುಕಿದ್ದಾಗ್ಲೂ ಅಷ್ಟೇ ತಂಗಿ, ಹೇಳಿದ ಟೈಮಿಗೆ ಬಂದವನಲ್ಲ," ಎಂದು ನಕ್ಕರು. ಒಂದು ಗಂಟೆ ಕೂತು ಎದ್ದು ಹೋದರು. ಬೆಂಚಿನ ಮೇಲೆ ಯಾರಾದರೂ ಕೂತಿದ್ದರೆ ನನಗೆ ಕೆಲಸ ಸಾಗುವುದಿಲ್ಲ.

ಮಾರ್ಚ್ 4, ಮಂಗಳವಾರ

ಹಳೇ ಕ್ವೆರಿಯ ಹೊಟ್ಟೆ ಬಗೆದು ನೋಡಿದೆ. ಬರೆದ ಪುಣ್ಯಾತ್ಮ ಯಾರೋ. ಒಂದೊಂದು ಹೆಣಕ್ಕೂ ಹದಿನಾಲ್ಕು ವರ್ಷದ ಅರ್ಜಿಗಳ ಕಟ್ಟನ್ನೆಲ್ಲ ಮೊದಲಿನಿಂದ ತಿರುವಿ ಹಾಕುತ್ತದೆ, ಇದರ ಸಂಖ್ಯೆ ಇಲ್ಲಿ ಇಲ್ಲ ತಾನೇ, ಇಲ್ಲ ತಾನೇ ಎಂದು. ವಿಲೇವಾರಿಯಾಗಿ ಬೂದಿಯಾದವರನ್ನೂ ಬಿಡದೆ ಹುಡುಕುತ್ತದೆ. ನಲವತ್ತೇಳು ನಿಮಿಷವಾದದ್ದೇ ದೊಡ್ಡದು.

ಅರ್ಜಿಗಳ ಟೇಬಲ್ಲಿಗೆ ಇಂಡೆಕ್ಸ್ ಹಾಕಿದೆ, ಪುಸ್ತಕಕ್ಕೆ ವಿಷಯಸೂಚಿ ಹಾಕಿದ ಹಾಗೆ. ಆರು ನಿಮಿಷಕ್ಕೆ ಇಳಿಯಿತು. ಉತ್ತರ ಈಗಲೂ ಸೊನ್ನೆ.

ಕ್ವೆರಿಯಲ್ಲಿದ್ದ 'ನಾಟ್ ಇನ್' ಎಂಬ ಷರತ್ತು ತೆಗೆದು 'ನಾಟ್ ಎಕ್ಸಿಸ್ಟ್ಸ್' ಹಾಕಿದೆ. ಒಂದು ಅರ್ಜಿ ಸಿಕ್ಕ ತಕ್ಷಣ ಹುಡುಕಾಟ ನಿಲ್ಲಿಸಿ ಮುಂದಿನ ಹೆಣಕ್ಕೆ ಹೋಗುತ್ತದೆ. ಅರ್ಧ ಸೆಕೆಂಡ್. ಕಣ್ಣು ಮಿಟುಕಿಸಲೂ ಬಿಡಲಿಲ್ಲ. ಉತ್ತರ — ಮೂವತ್ತೆಂಟು!

ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ. ಆಮೇಲೆ ತಲೆ ಕೆಟ್ಟಿತು. ಪ್ರಶ್ನೆ ಅದೇ, ಡೇಟಾ ಅದೇ. ಒಂದು ಸೊನ್ನೆ ಅನ್ನುತ್ತದೆ, ಇನ್ನೊಂದು ಮೂವತ್ತೆಂಟು ಅನ್ನುತ್ತದೆ. ಯಾವುದೋ ಒಂದು ಸುಳ್ಳು ಹೇಳುತ್ತಿದೆ.

ಸಂಜೆ 4

ಸಿಕ್ಕಿತು. ನಲವತ್ತು ಸಾವಿರ ಅರ್ಜಿಗಳಲ್ಲಿ ಒಂದೇ ಒಂದರಲ್ಲಿ ಶವದ ಸಂಖ್ಯೆ ಖಾಲಿ. ಖಾಲಿ ಎಂದರೆ ಡೇಟಾಬೇಸಿಗೆ ಸೊನ್ನೆಯಲ್ಲ — 'ಗೊತ್ತಿಲ್ಲ'. ಇನ್ನೂರನೇ ಹೆಣಕ್ಕೆ ಅರ್ಜಿ ಇಲ್ಲವೇ ಎಂದು ಕೇಳಿದರೆ ಹಳೇ ಕ್ವೆರಿ ಆ ಖಾಲಿ ಅರ್ಜಿಯ ಹತ್ತಿರ ಬಂದು ನಿಲ್ಲುತ್ತದೆ. ಇದು ಆ ಹೆಣದ್ದೇ ಇರಬಹುದು, ಇಲ್ಲ ಎಂದು ನಾನು ಹೇಳಲಾರೆ ಅನ್ನುತ್ತದೆ. ಮುನ್ನೂರನೆಯದಕ್ಕೂ ಅದೇ ಮಾತು. ಹೀಗೆ ಒಂದು ಖಾಲಿ ಚೌಕ ಇಡೀ ಕೋಲ್ಡ್ ರೂಮನ್ನು ಕಾದುಕೊಂಡು ಕೂತಿದೆ. ನನ್ನ ಹೊಸ ಕ್ವೆರಿಗೆ ಅಂಥ ಮುಲಾಜಿಲ್ಲ. ಖಾಲಿ ಯಾವುದಕ್ಕೂ ತಾಳೆಯಾಗುವುದಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ.

ಅರ್ಜಿ ಯಾರದೆಂದು ನೋಡಿದೆ. ಸೋಮವಾರದಕ್ಕನದು. ನವೆಂಬರ್ 28. ಸ್ವೀಕರಿಸಿದವರ ಜಾಗದಲ್ಲಿ ನನ್ನ ಸಹಿ. ಆ ದಿನ ನೆನಪಿದೆ. ಸಂಖ್ಯೆಯ ಚೌಕದ ಮೇಲೆ ಪೆನ್ನು ಇಟ್ಟುಕೊಂಡು, ಇಲ್ಲಿ ಏನು ಬರೀಲಿ ಎಂದು ಕೇಳಿದ್ದರು. ಹಿಂದೆ ದೊಡ್ಡ ಸಾಲಿತ್ತು. ಗೊತ್ತಿಲ್ಲದಿದ್ರೆ ಖಾಲಿ ಬಿಡಿ ಎಂದಿದ್ದೆ.

ಮಾರ್ಚ್ 10, ಸೋಮವಾರ

ಡೆಮೊ. ಸಾಹೇಬರು ಮೂರು ಸಲ ಓಡಿಸಲು ಹೇಳಿದರು. ಮೂರು ಸಲವೂ ಅರ್ಧ ಸೆಕೆಂಡ್, ಮೂವತ್ತೆಂಟು. ಮಗುವಿನ ಹಾಗೆ ಇನ್ನೊಂದ್ಸಲ ಎಂದು ನಾಲ್ಕನೇ ಸಲವೂ ನೋಡಿದರು. ಇಷ್ಟು ದಿನ ಏನಾಗಿತ್ತು ಎಂದು ಕೇಳಿದರು. ಒಂದು ಅಪೂರ್ಣ ಅರ್ಜಿ ಅಡ್ಡ ಬಂದಿತ್ತು ಎಂದೆ. ಯಾರದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಧೂಳು ತಿನ್ನುತ್ತಿದ್ದ ಫೈಲನ್ನು ನನ್ನ ಎದುರೇ ಎಳೆದು ಸಹಿ ಹಾಕಿದರು.

ಚಳಿಯಣ್ಣ ಪಟ್ಟಿ ಹಿಡಿದು ಬಂದ. ಬೆರಳಿಟ್ಟು ತೋರಿಸಿದ. "ಮೇಡಂ, ಬಸ್ಸಿನ ನಾಲ್ಕೂ ಇದ್ರಲ್ಲಿವೆ. ಆ ಅಕ್ಕ ಇನ್ನೂ ಬರ್ತಾನೇ ಇದಾರಲ್ಲ."

ನನಗೆ ಗೊತ್ತಿಲ್ಲವೇ. ಬುಧವಾರದೊಳಗೆ ಏನಾದರೂ ಮಾಡುತ್ತೇನೆ ಎಂದೆ. ಕೈಯಲ್ಲಿ ತೆಗೆಯುವ ಹಾಗಿಲ್ಲ. ಹೋದ ವರ್ಷ ಯಾರೋ ಪಟ್ಟಿ ತಿದ್ದಿ ದೊಡ್ಡ ರಗಳೆಯಾದ ಮೇಲೆ ಕಂಪ್ಯೂಟರ್ ಕೊಟ್ಟದ್ದನ್ನು ಯಾರೂ ಮುಟ್ಟುವಂತಿಲ್ಲ. ಲ್ಯಾಬ್ ಬಾಕಿ ಇರುವವರಿಗೆ ಒಂದು ಕಾಲಂ ಸೇರಿಸಬೇಕು, ಕಾಗದದ ಕಡತ ನೋಡಿ ತುಂಬಿಸಬೇಕು, ಕ್ವೆರಿಗೆ ಒಂದು ಸಾಲು ಹೆಚ್ಚಿಸಬೇಕು. ಅರ್ಧ ದಿನದ ಕೆಲಸ.

ಅಕ್ಕ ಹನ್ನೊಂದಕ್ಕೆ ಬಂದರು. ವರದಿ ಬಂದಿಲ್ಲ ಎಂದೆ. ಅದು ನಿಜವೇ.

ಮಾರ್ಚ್ 12, ಬುಧವಾರ

ಕಾಲಂ ಸೇರಿಸಲು ಕೂತೆ. ಸಾಹೇಬರು ಕರೆದು ನನ್ನ ಕ್ವೆರಿಯನ್ನು ಮೇಲಿನ ಆಫೀಸಿಗೆ ತೋರಿಸಲು ನಾಲ್ಕು ಪುಟದ ಟಿಪ್ಪಣಿ ಕೇಳಿದರು. ನಕ್ಷೆ ಬೇಕಂತೆ, ಹಳೆಯದು ಉದ್ದ ಕಂಬ, ಹೊಸದು ಗಿಡ್ಡ ಕಂಬ. ಬಣ್ಣ ಆರಿಸುವುದರಲ್ಲೇ ಸಂಜೆಯಾಯಿತು. ಕೊನೆಗೆ ಹಸಿರು.

ಮೊದಲು ಕುಲುಮೆಗೆ ಹೋಗುವುದು ಹಳಬರು, ಅಷ್ಟು ಬೇಗ ಬಸ್ಸಿನವರ ಸರದಿ ಬರಲಾರದು. ಮುಂದಿನ ವಾರ ಸೇರಿಸಿದರಾಯಿತು.

ಮಾರ್ಚ್ 14, ಶುಕ್ರವಾರ

ಎರಡು ವ್ಯಾನ್ ಬಂದವು. ಕಾಲೇಜಿನವರು ಇಪ್ಪತ್ತೆರಡು ಆರಿಸಿಕೊಂಡರು. ಉಳಿದ ಹದಿನಾರೂ ಒಂದೇ ಲೋಡಿನಲ್ಲಿ ಕುಲುಮೆಗೆ. ಸರದಿ ಗಿರದಿ ಏನೂ ಇಲ್ಲ. ಬೂದಿ ಎಲ್ಲರದೂ ಒಂದೇ ಗುಂಡಿಗೆ. ಕಿಟಕಿಯಿಂದ ಲೆಕ್ಕ ಮಾಡಿದೆ. ಬಸ್ಸಿನ ನಾಲ್ಕಕ್ಕೆ ಒಬ್ಬನೇ ಆಳು ಸಾಕಾದ.

ಓಡಿ ಹೋಗಿ ನಿಲ್ಲಿಸಬಹುದಿತ್ತು. ಮೂವತ್ತು ಹೆಜ್ಜೆ ಅಷ್ಟೇ. ಕೈಯಲ್ಲಿ ಕಾಯಂ ಆದೇಶದ ಕರಡು ಇತ್ತು, ತಪ್ಪು ಹುಡುಕುತ್ತಿದ್ದೆ.

ಚಳಿಯಣ್ಣ ಇಡೀ ದಿನ ನನ್ನೊಡನೆ ಮಾತಾಡಲಿಲ್ಲ. ಬೇಡ ಬಿಡು. ಕಾಲಿಡಲು ಜಾಗವಾಯಿತಲ್ಲ ಅವನಿಗೆ.

ಮಾರ್ಚ್ 27

ಆದೇಶ ಬಂತು. ಕಾಯಂ. ಅಮ್ಮ ಅಕ್ಕಪಕ್ಕದ ಮನೆಗೆಲ್ಲ ಹೋಗಿ ಹೇಳಿ ಬಂದಳು. ಏನು ಮಾಡಿದ್ದಕ್ಕೆ ಕೊಟ್ಟರು ಎಂದು ಕೇಳಿದಳು. ನಲವತ್ತೇಳು ನಿಮಿಷದ ಕೆಲಸವನ್ನು ಅರ್ಧ ಸೆಕೆಂಡಿಗೆ ಇಳಿಸಿದೆ ಎಂದೆ. ಹಾಗಾದರೆ ಇನ್ನು ಮೇಲೆ ಬೇಗ ಮನೆಗೆ ಬರುತ್ತೀಯಾ ಎಂದಳು.

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 9.30

ಲ್ಯಾಬ್ ವರದಿ, ಚಳಿಯಣ್ಣನೇ ತಂದುಕೊಟ್ಟ. ಅರ್ಜಿದಾರರ ಮಾದರಿ ಶವ ಸಂಖ್ಯೆ 417ಕ್ಕೆ ಹೊಂದುತ್ತದೆ. ಒಡಹುಟ್ಟಿದವರು.

417 ಹಾಕಿ ನೋಡಿದೆ. ಸ್ಥಿತಿ: ವಿಲೇವಾರಿ. ಮತ್ತೆ ಹಾಕಿ ನೋಡಿದೆ. ಎಷ್ಟು ಸಲ ಹಾಕಿದರೂ ಬೇಗ ಬೇಗ ಅದೇ ಹೇಳಿತು.

ಸಾಹೇಬರಿಗೆ ತೋರಿಸಿದೆ. ಅವರು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು. ಸಂಖ್ಯೆ ಬರೆಯದ ಅರ್ಜಿ ಅರ್ಜಿಯೇ ಅಲ್ಲವಂತೆ, ಹಾಗಾಗಿ ತಪ್ಪು ನಮ್ಮದಲ್ಲವಂತೆ. ಅರ್ಜಿಯನ್ನು ಹಿಂದಿನ ತಾರೀಖಿಗೆ ತಿರಸ್ಕೃತ ಎಂದು ಮಾಡಲು ಹೇಳಿದರು. ಅಕ್ಕನಿಗೆ ಏನು ಹೇಳಲಿ ಎಂದೆ.

"ಹೊಂದಿಲ್ಲ ಅಂತ ಹೇಳಮ್ಮ. ಬದುಕಿದಾನೆ ಅಂದ್ಕೊಂಡು ನೆಮ್ಮದಿಯಾಗಿ ಇರ್ತಾರೆ. ಅದು ಒಳ್ಳೇದೇ ಅಲ್ವಾ?"

ಒಂದು ಸಾಲಿನ ಅಪ್‌ಡೇಟ್. ಬದಲಾದ ದಾಖಲೆ: 1. ವರದಿಯನ್ನು ಅವರೇ ತಮ್ಮ ಬೀರುವಿಗೆ ಹಾಕಿ ಬೀಗ ಹಾಕಿದರು.

ಮಧ್ಯಾಹ್ನ 12

ಹೇಳಿದೆ. ನೋಡದೆ ಹೇಳಿದೆ, ಕೀಬೋರ್ಡ್ ಒರೆಸುತ್ತ. ಹೊಂದಲಿಲ್ಲ ಅಕ್ಕ ಎಂದೆ.

ಅಳುತ್ತಾರೆ ಅಂದುಕೊಂಡೆ. ತಲೆಯೆತ್ತಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ, ಮೈಯೆಲ್ಲ ಅಲುಗುತ್ತಿದೆ. "ಬಸ್ ತಪ್ಪಿಸ್ಕೊಂಡಿದಾನೆ ಕಳ್ಳ. ನಾನು ಬೈದು ಕಳಿಸಿದ್ದೆ ತಂಗಿ, ಆ ಕೋಪಕ್ಕೆ ಎಲ್ಲೋ ಕೂತಿದಾನೆ." ಕೌಂಟರಿನ ಕಿಟಕಿಯ ಸಂದಿಯಲ್ಲಿ ಕೈ ತೂರಿಸಿ ನನ್ನ ಕೈ ಹಿಡಿದುಕೊಂಡರು. ಇಸ್ತ್ರಿ ಹಿಡಿದು ಹಿಡಿದು ಅಂಗೈ ಮರದ ಹಲಗೆ. ಬಿಡಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು.

ಏಪ್ರಿಲ್ 14, ಸೋಮವಾರ

ಬೆಂಚು ಖಾಲಿ. ಚೆನ್ನಾಗಿ ಕೆಲಸವಾಯಿತು. ಸಾಹೇಬರು ಹೇಳಿದ್ದು ಸರಿಯೇ ಇರಬೇಕು. ಊಟ ಸೇರಿತು.

ಏಪ್ರಿಲ್ 21, ಸೋಮವಾರ

ಬಂದರು. ಬಗಲಲ್ಲಿ ಪೋಸ್ಟರುಗಳ ಸುರುಳಿ. ತಮ್ಮನ ಮುಖ ಮೊದಲ ಸಲ ನೋಡಿದೆ. ಅಗಲ ಕಿವಿ, ಕ್ಯಾಮೆರಾದವನ ಮೇಲೆ ಏನೋ ಜೋಕು ಹೊಡೆಯಲು ಹೊರಟ ಬಾಯಿ. 'ಕಾಣೆಯಾಗಿದ್ದಾನೆ. ಕಂಡವರು ಕರೆ ಮಾಡಿ.' ಕೆಳಗೆ ದೊಡ್ಡ ಅಕ್ಷರದಲ್ಲಿ ನನ್ನ ನಂಬರು.

ಲಾಂಡ್ರಿಯಲ್ಲಿ ಹಗಲು ಫೋನು ಒಳಗೆ ಬಿಡುವುದಿಲ್ಲವಂತೆ. ನೀವಾದರೆ ಮೇಜಿನ ಮುಂದೆಯೇ ಇರುತ್ತೀರಿ, ಇಷ್ಟು ದಿನ ನನಗೆ ಸಹಾಯ ಮಾಡಿದವರು ನೀವೊಬ್ಬರೇ ಎಂದರು. ಕೇಳದೆ ಹಾಕಿದ್ದಕ್ಕೆ ಬೈಕೋಬೇಡಿ ಎಂದರು. ನಮ್ಮ ಗೋಡೆಗೂ ಒಂದು ಅಂಟಿಸಿದರು. ನಾಲ್ಕೂ ಮೂಲೆ ಅಂಗೈಯಿಂದ ಉಜ್ಜಿ, ಒಂದು ಸುಕ್ಕಿಲ್ಲದ ಹಾಗೆ.

ಏಪ್ರಿಲ್ 24

ಏಳು ಕರೆ. ಸಿನಿಮಾ ಟಾಕೀಸಿನ ಹತ್ತಿರ ಕಂಡನಂತೆ. ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದನಂತೆ. ಒಬ್ಬ ಹೆಂಗಸು, ಅವನು ನನ್ನ ಗಂಡ, ಹುಡುಕಬೇಡಿ ಎಂದು ಜಗಳಕ್ಕೇ ಬಂದಳು. ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದೇನೆ. ಯಾಕೆ ಬರೆದಿಟ್ಟುಕೊಳ್ಳುತ್ತಿದ್ದೇನೆ?

ಏಪ್ರಿಲ್ 28, ಸೋಮವಾರ

ಕರೆ ಬಂತಾ ಎಂದರು ಅಕ್ಕ. ಇಲ್ಲ ಎಂದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವರೇ ಎತ್ತಿಕೊಂಡರು. ಬಂದರಿನ ಊರಿನಿಂದ ಒಬ್ಬ ಲಾರಿಯವನು — ಹಡಗುಕಟ್ಟೆಯಲ್ಲಿ ಇಂಥವನೊಬ್ಬ ಇದ್ದಾನೆ, ಅಗಲ ಕಿವಿ, ಹೆಸರು ಕೇಳಿದರೆ ಹೇಳುವುದಿಲ್ಲ, ಮಾತೇ ಆಡುವುದಿಲ್ಲ. ಅಕ್ಕ ಅವನಿಗೆ ಆಣೆ ಹಾಕಿಸಿಕೊಂಡು ಮೂರು ಸಲ ಹೇಳಿಸಿದರು.

ಚಳಿಯಣ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಅವರು ಹೋದ ಮೇಲೆ ಒಂದೇ ಮಾತು ಆಡಿದ. "ನೀವು ಹೇಳ್ತೀರೋ, ನಾನು ಹೇಳ್ಲೋ?"

ನಾನೇ ಹೇಳುತ್ತೇನೆ ಎಂದೆ. ಮುಂದಿನ ಸೋಮವಾರ.

ಮೇ 5, ಸೋಮವಾರ. ಮಧ್ಯಾಹ್ನ 3.20

ಅಕ್ಕ ಲಾಂಡ್ರಿ ಬಿಟ್ಟಿದ್ದಾರೆ. ಬಾಡಿಗೆ ಕೋಣೆಯನ್ನೂ ಬಿಟ್ಟಿದ್ದಾರೆ. ಬಂದರಿನ ಊರಿಗೆ ಎರಡು ದಿನದ ದಾರಿ, ನಾಲ್ಕು ಗಂಟೆಗೆ ಬಸ್ಸು. ಬೆಂಚಿನ ಮೇಲೆ ಅವರ ಎರಡು ಚೀಲ. ಒಂದರಲ್ಲಿ ತಮ್ಮನ ಅಂಗಿಗಳಂತೆ, ಎಲ್ಲಕ್ಕೂ ಇಸ್ತ್ರಿ ಹಾಕಿ ಮಡಿಸಿದ್ದಾರಂತೆ.

ಹೋಗುವ ಮುಂಚೆ ಹೇಳಿ ಹೋಗೋಣ ಎಂದು ಬಂದೆ ಎಂದರು. ಹೋಗಿ ಬನ್ನಿ ಎಂದೆ. ನಾನೇ ಹೇಳಿದ್ದು, ಹೋಗಿ ಬನ್ನಿ ಎಂದು.

ಹೇಳಿಬಿಡಬೇಕು. ಎಷ್ಟು ಹೊತ್ತು ಬೇಕು? ನಿಮ್ಮ ತಮ್ಮ ಇಲ್ಲೇ ಇದ್ದ. ಮಾರ್ಚ್ 14ರವರೆಗೆ, ಮೂರನೇ ಸಾಲು, ಕೆಳಗಿನ ಖಾನೆ. ಹದಿನೈದು ಸೋಮವಾರ ನೀವು ಅವನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಕೂತಿದ್ದಿರಿ. ಇಷ್ಟು ಸಾಕು. ಇದನ್ನು ಇಲ್ಲಿ ಬರೆಯಲು ಅರ್ಧ ನಿಮಿಷವೂ ಆಗಲಿಲ್ಲ.

3.40

ಚೀಲ ಎತ್ತಿಕೊಂಡರು. ಗೇಟಿನವರೆಗೆ ಹೋದರು. ಕಿಟಕಿ ತೆಗೆದು ಅಕ್ಕಾ ಎಂದು ಕೂಗಿದೆ. ಚೀಲ ಅಲ್ಲೇ ಕೆಳಗೆ ಹಾಕಿ ಓಡಿ ಬಂದರು, ಏದುಸಿರು.

"ಫೋನ್ ಬಂತಾ ತಂಗಿ?"

ಹೌದು ಎಂದುಬಿಟ್ಟೆ. ಕಣ್ಣು ಅಷ್ಟಗಲ ಮಾಡಿ, ಯಾರದು, ಏನಂದರು ಎಂದು ಕೇಳಿದರು. ಬರೆದುಕೊಂಡಿದ್ದೇನೆ, ತಾಳಿ, ನೋಡಿ ಹೇಳುತ್ತೇನೆ ಎಂದು ಈ ಪುಸ್ತಕ ತೆರೆದಿದ್ದೇನೆ. ಅವರು ಎದುರೇ ನಿಂತಿದ್ದಾರೆ. ಪೆನ್ನನ್ನೇ ನೋಡುತ್ತಿದ್ದಾರೆ. ಏನಾದರೂ ಬರೆಯುತ್ತಲೇ ಇರಬೇಕು, ನಿಲ್ಲಿಸಿದರೆ ನಾನು